ಎರಡು ಸರ್ವರ್ ಇಟ್ಟರೂ ಸೇವೆ ಯಾಕೆ ನಿಲ್ಲುತ್ತದೆ? ಕ್ಲಸ್ಟರ್ ಕಟ್ಟುವ ಸರಿಯಾದ ಕ್ರಮ

ಕ್ಲಸ್ಟರ್ (ಒಂದು ಸತ್ತರೆ ಇನ್ನೊಂದು ಕೆಲಸ ಎತ್ತಿಕೊಳ್ಳುವಂತೆ ಜೋಡಿಸಿದ ಸರ್ವರ್‌ಗಳ ಗುಂಪು) ಕೈಕೊಟ್ಟ ಮೇಲೆ ಫೋನ್ ಮಾಡುವವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಹೇಳುತ್ತಾರೆ. ಒಂದು: "ಎರಡು ಸರ್ವರ್ ಇದೆ, ರೆಪ್ಲಿಕೇಶನ್ ನಡೀತಾ ಇತ್ತು, ಆದ್ರೂ ನಿನ್ನೆ ರಾತ್ರಿ ಎಲ್ಲಾ ನಿಂತುಹೋಯ್ತು." ಇನ್ನೊಂದು ಇದಕ್ಕಿಂತ ಕಷ್ಟದ್ದು: "ಎರಡೂ ಸರ್ವರ್‌ನಲ್ಲಿ ಎಂಟ್ರಿ ಬಿದ್ದಿದೆ. ಈಗ ಯಾವುದನ್ನು ಇಟ್ಟುಕೊಳ್ಳೋದು, ಯಾವುದನ್ನು ಬಿಡೋದು?"

ಹೋಗಿ ನೋಡಿದರೆ ಸಾಫ್ಟ್‌ವೇರ್ ಸರಿಯಾಗಿಯೇ ಇರುತ್ತದೆ. ತಪ್ಪಿರುವುದು ಕೆಲಸ ಮಾಡಿದ ಕ್ರಮ. ಮೊದಲು ರೆಪ್ಲಿಕೇಶನ್ (ಒಂದರ ಡೇಟಾ ಇನ್ನೊಂದಕ್ಕೆ ನಕಲಾಗುತ್ತಿರುವುದು) ಹಾಕಿರುತ್ತಾರೆ, ಆಮೇಲೆ ವರ್ಚುವಲ್ ಐಪಿ (ಕೆಲಸ ಮಾಡುವ ಸರ್ವರ್ ಜೊತೆ ಸಾಗುವ ವಿಳಾಸ), ಆಮೇಲೆ ಫೇಲ್‌ಓವರ್ (ಕೆಲಸ ತಾನಾಗಿ ಇನ್ನೊಂದಕ್ಕೆ ಹೋಗುವುದು). ಫೆನ್ಸಿಂಗ್ (ಉತ್ತರ ಕೊಡದ ಸರ್ವರ್‌ನ ಪವರ್ ಕಿತ್ತುಹಾಕುವ ಏರ್ಪಾಡು) ಮಾತ್ರ "ಮುಂದೆ ನೋಡೋಣ" ಅಂತ ಉಳಿದಿರುತ್ತದೆ. ನಾನು ಇಲ್ಲಿ ಹೇಳುವ ಕ್ರಮದಲ್ಲಿ ಫೆನ್ಸಿಂಗ್ ಮೊದಲು ಬರುತ್ತದೆ, ಡೇಟಾಬೇಸ್ ಆಮೇಲೆ. ಉದಾಹರಣೆಗೆ ಲಿನಕ್ಸ್ ಮೇಲೆ ಓಡುವ ಪೋಸ್ಟ್‌ಗ್ರೆಸ್ ಡೇಟಾಬೇಸ್, ಎರಡು ಸರ್ವರ್, ಜೊತೆಗೆ ಪೇಸ್‌ಮೇಕರ್ (ಯಾವ ಸೇವೆ ಎಲ್ಲಿ ಓಡಬೇಕು ಎಂದು ನಿರ್ಧರಿಸುವ ಸಾಫ್ಟ್‌ವೇರ್) ಮತ್ತು ಕೋರೋಸಿಂಕ್ (ಸರ್ವರ್‌ಗಳು ಪರಸ್ಪರ ಮಾತಾಡಲು ಬಳಸುವ ಸಾಫ್ಟ್‌ವೇರ್) ಇಟ್ಟುಕೊಂಡಿದ್ದೇನೆ. ಬೇರೆ ಡೇಟಾಬೇಸ್ ಬಳಸುವವರಿಗೂ ಕ್ರಮ ಇದೇ.

ಹಂತ 1: ಎರಡು ಸಂಖ್ಯೆ ಬರೆದುಕೊಳ್ಳಿ

ಸರ್ವರ್ ಮುಟ್ಟುವ ಮೊದಲು ಕಾಗದ ತೆಗೆದುಕೊಳ್ಳಿ. ಸೇವೆ ಎಷ್ಟು ಹೊತ್ತು ನಿಂತರೆ ನಿಮ್ಮ ಕೆಲಸ ತಡೆದುಕೊಳ್ಳುತ್ತದೆ? ಕೊನೆಯ ಎಷ್ಟು ಸೆಕೆಂಡಿನ ಎಂಟ್ರಿ ಕಳೆದುಹೋದರೆ ಪರವಾಗಿಲ್ಲ? ಉತ್ತರ ಕೊಡಬೇಕಾದವರು ಆ ಸೇವೆಯನ್ನು ಬಳಸುವವರು. ಐಟಿ ವಿಭಾಗ ತಾನೇ ಊಹಿಸಿ ಬರೆಯಬಾರದು.

"ಶೇಕಡಾ 99.9 ಸಾಕು" ಅಂದರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ನಿಲ್ಲಬಹುದು. 99.99 ಅಂದರೆ 52 ನಿಮಿಷ ಚಿಲ್ಲರೆ. 99.999 ಅಂದರೆ ಇಡೀ ವರ್ಷಕ್ಕೆ 5 ನಿಮಿಷ ಚಿಲ್ಲರೆ ಅಷ್ಟೇ. ಸಾಫ್ಟ್‌ವೇರ್ ಕ್ಲಸ್ಟರ್‌ನಲ್ಲಿ ಒಂದು ಫೇಲ್‌ಓವರ್‌ಗೆ ಅರ್ಧದಿಂದ ಒಂದು ನಿಮಿಷ ಹಿಡಿಯುವುದು ಮಾಮೂಲು. ಆ ಒಂದು ನಿಮಿಷ ನಿಮಗೆ ನಡೆಯುತ್ತದೆಯೇ? ಮುಂದಿನ ಹಂತ ನಿಂತಿರುವುದು ಇದರ ಮೇಲೆ.

ಹಂತ 2: ಸಾಫ್ಟ್‌ವೇರ್ ಕ್ಲಸ್ಟರೋ, ಫಾಲ್ಟ್ ಟಾಲರೆಂಟ್ ಯಂತ್ರವೋ?

ಈ ಎರಡನ್ನು ಒಂದೇ ಎಂದು ಭಾವಿಸಿ ದುಡ್ಡು ಹಾಕಿದವರನ್ನು ನೋಡಿದ್ದೇನೆ. ಎರಡೂ ತಡೆಯುವ ತೊಂದರೆ ಬೇರೆ ಬೇರೆ.

ಸಾಫ್ಟ್‌ವೇರ್ ಕ್ಲಸ್ಟರ್‌ನಲ್ಲಿ ಒಂದು ಯಂತ್ರ ಸಾಯುತ್ತದೆ, ಇನ್ನೊಂದು ಅದನ್ನು ಗಮನಿಸಿ ಕೆಲಸ ಕೈಗೆತ್ತಿಕೊಳ್ಳುತ್ತದೆ. ನಡುವೆ ಒಂದು ಸಣ್ಣ ನಿಲುಗಡೆ ಇದ್ದೇ ಇರುತ್ತದೆ. ಆಗ ನಡೆಯುತ್ತಿದ್ದ ಟ್ರಾನ್ಸಾಕ್ಷನ್‌ಗಳು ಕಡಿದುಹೋಗುತ್ತವೆ, ಅಪ್ಲಿಕೇಶನ್ ಮತ್ತೆ ಪ್ರಯತ್ನಿಸಬೇಕು.

ಫಾಲ್ಟ್ ಟಾಲರೆಂಟ್ ಯಂತ್ರದಲ್ಲಿ ನಿಲುಗಡೆಯೇ ಇಲ್ಲ. ಸ್ಟ್ರಾಟಸ್ ಕಂಪನಿಯ ಎಫ್‌ಟಿಸರ್ವರ್ ತೆಗೆದುಕೊಳ್ಳಿ. ಒಂದೇ ಪೆಟ್ಟಿಗೆಯಲ್ಲಿ ಎರಡು ಪೂರ್ತಿ ಸರ್ವರ್ ಮಾಡ್ಯೂಲ್ ಇರುತ್ತವೆ. ಎರಡೂ ಒಂದೇ ಸೂಚನೆಯನ್ನು ಒಂದೇ ಗಡಿಯಾರದ ತಾಳಕ್ಕೆ ನಡೆಸುತ್ತವೆ. ಒಂದರ ಪ್ರೊಸೆಸರ್ ಅಥವಾ ಮೆಮೊರಿ ಕೆಟ್ಟರೆ ಇನ್ನೊಂದು ನಡೆಯುತ್ತಲೇ ಇರುತ್ತದೆ. ಕೆಟ್ಟದ್ದನ್ನು ಯಂತ್ರ ಓಡುತ್ತಿರುವಾಗಲೇ ಎಳೆದು ಹೊಸದನ್ನು ತಳ್ಳಬಹುದು. ಅಪ್ಲಿಕೇಶನ್‌ಗೆ ಏನೂ ಗೊತ್ತಾಗುವುದಿಲ್ಲ, ಅದರ ಕೋಡ್ ಬದಲಿಸುವುದೂ ಬೇಡ. ವಿಎಂವೇರ್‌ನ ಫಾಲ್ಟ್ ಟಾಲರೆನ್ಸ್ ಇದೇ ಕೆಲಸವನ್ನು ಎರಡು ಸಾಮಾನ್ಯ ಸರ್ವರ್‌ಗಳ ನಡುವೆ ಸಾಫ್ಟ್‌ವೇರ್‌ನಿಂದ ಮಾಡುತ್ತದೆ. ಆದರೆ ಒಂದು ವಿಎಂಗೆ (ಸರ್ವರ್ ಒಳಗೆ ಸಾಫ್ಟ್‌ವೇರ್ ಕಟ್ಟಿದ ವರ್ಚುವಲ್ ಯಂತ್ರಕ್ಕೆ) 8 ವರ್ಚುವಲ್ ಸಿಪಿಯು ಮಿತಿ ಇದೆ, ನಡುವೆ 10 ಗಿಗಾಬಿಟ್ ಪ್ರತ್ಯೇಕ ನೆಟ್‌ವರ್ಕ್ ಬೇಕು.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಈ ಯಂತ್ರಗಳಲ್ಲಿ ಎರಡು ದೇಹ ಇದ್ದರೂ ಓಡುವ ಆಪರೇಟಿಂಗ್ ಸಿಸ್ಟಮ್ ಒಂದೇ. ಡೇಟಾಬೇಸ್‌ನಲ್ಲಿ ಬಗ್ ಇದ್ದರೆ ಎರಡೂ ಕಡೆ ಒಂದೇ ಕ್ಷಣಕ್ಕೆ ಬೀಳುತ್ತದೆ. ಕರ್ನಲ್ ಪ್ಯಾನಿಕ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳೇ ಕುಸಿದರೂ ಅಷ್ಟೇ. ಪ್ಯಾಚ್ ಹಾಕಿ ರೀಬೂಟ್ ಮಾಡಬೇಕಾದರೂ ಸೇವೆ ನಿಲ್ಲುತ್ತದೆ. ಕೋಣೆಗೆ ನೀರು ನುಗ್ಗಿದರೆ ಎರಡೂ ಹೋದವು, ಏಕೆಂದರೆ ಎರಡೂ ಒಂದೇ ಪೆಟ್ಟಿಗೆಯಲ್ಲಿವೆ.

ನನ್ನ ಸಲಹೆ ಇಷ್ಟು. ಕಾರ್ಖಾನೆಯ ಲೈನ್ ನಡೆಸುವ ಕಂಪ್ಯೂಟರ್, ಬದಲಿಸಲಾಗದ ಹಳೆಯ ಅಪ್ಲಿಕೇಶನ್, ಸ್ಥಳದಲ್ಲಿ ಐಟಿ ತಿಳಿದವರು ಯಾರೂ ಇಲ್ಲ, ಒಂದು ಸೆಕೆಂಡ್ ನಿಂತರೂ ನಷ್ಟ — ಇಂಥ ಕಡೆ ಫಾಲ್ಟ್ ಟಾಲರೆಂಟ್ ಯಂತ್ರ ಕೊಳ್ಳಿ. ಆಗಾಗ ಅಪ್‌ಡೇಟ್ ಆಗುವ ಡೇಟಾಬೇಸ್, ವೆಬ್ ಸೇವೆ, ಅರ್ಧ ನಿಮಿಷ ತಡೆದುಕೊಳ್ಳುವ ಕೆಲಸ ಇದ್ದರೆ ಸಾಫ್ಟ್‌ವೇರ್ ಕ್ಲಸ್ಟರ್ ಕಟ್ಟಿ. ಯಾವುದೇ ಆದರೂ ಪ್ರತಿ ಸರ್ವರ್‌ನಲ್ಲಿ ಇಸಿಸಿ ಮೆಮೊರಿ (ಸಣ್ಣ ತಪ್ಪುಗಳನ್ನು ತಾನೇ ಸರಿಪಡಿಸುವಂಥದ್ದು), ಮಿರರ್ ಮಾಡಿದ ಡಿಸ್ಕ್, ಎರಡು ಪವರ್ ಸಪ್ಲೈ ಇರಲೇಬೇಕು. ಫೇಲ್‌ಓವರ್ ಎಷ್ಟು ಅಪರೂಪವೋ ಅಷ್ಟು ನೆಮ್ಮದಿ, ಅಲ್ವಾ?

ಮುಂದಿನ ಹಂತಗಳು ಸಾಫ್ಟ್‌ವೇರ್ ಕ್ಲಸ್ಟರ್ ಆರಿಸಿಕೊಂಡವರಿಗೆ.

ಹಂತ 3: ಸಾಮಾನು ಮತ್ತು ವೈರಿಂಗ್

ಬೇಕಾಗುವುದು: ಒಂದೇ ಮಾದರಿಯ ಎರಡು ಸರ್ವರ್, ಎರಡರಲ್ಲೂ ದೂರದಿಂದ ಪವರ್ ಆಫ್ ಮಾಡುವ ಐಪಿಎಂಐ ಪೋರ್ಟ್, ಎರಡು ನೆಟ್‌ವರ್ಕ್ ಸ್ವಿಚ್, ಎರಡು ಯುಪಿಎಸ್, ಸಾಕ್ಷಿಯಾಗಿ ನಿಲ್ಲಲು ಒಂದು ಸಣ್ಣ ಮೂರನೇ ಯಂತ್ರ (ಯಾಕೆ ಎಂಬುದು ಹಂತ 5ರಲ್ಲಿ). ಕೈಗೂಡಿದರೆ ನೆಟ್‌ವರ್ಕ್‌ನಿಂದ ನಿಯಂತ್ರಿಸಬಹುದಾದ ಪಿಡಿಯು (ಸರ್ವರ್‌ಗಳಿಗೆ ಪವರ್ ಹಂಚುವ ಪಟ್ಟಿ).

ಈ ಹಂತದ ತಪ್ಪು ಕಣ್ಣಿಗೆ ಕಾಣುವಂಥದ್ದು, ಆದರೂ ಯಾರೂ ರ‍್ಯಾಕ್‌ನ ಹಿಂದೆ ಹೋಗಿ ನೋಡುವುದಿಲ್ಲ. ಒಂದು ಕಚೇರಿಯಲ್ಲಿ ನಾನು ಟಾರ್ಚ್ ಹಿಡಿದು ಹಿಂದೆ ಬಗ್ಗಿದೆ. ಎರಡು ಸರ್ವರ್, ನಾಲ್ಕು ಪವರ್ ಸಪ್ಲೈ, ನಾಲ್ಕಕ್ಕೂ ಹಸಿರು ದೀಪ. ನಾಲ್ಕು ಕಪ್ಪು ವೈರ್‌ಗಳನ್ನೂ ಬೆರಳಿನಿಂದ ಹಿಡಿದು ಕೆಳಗೆ ಇಳಿದರೆ ನಾಲ್ಕೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹೋಗಿದ್ದವು. ಆ ಬೋರ್ಡ್ ಒಂದೇ ಯುಪಿಎಸ್‌ಗೆ. ಹಿಂದಿನ ದಿನ ಆ ಯುಪಿಎಸ್‌ನ ಬ್ಯಾಟರಿ ಬದಲಿಸಲು ಬಂದವರು ಅದನ್ನು ಆಫ್ ಮಾಡಿದ್ದರು. ಎರಡೂ ಸರ್ವರ್ ಒಟ್ಟಿಗೆ ಹೋಗಿದ್ದವು.

ಪ್ರತಿ ಸರ್ವರ್‌ನ ಒಂದು ವೈರ್ ಮೊದಲ ಯುಪಿಎಸ್‌ಗೆ, ಇನ್ನೊಂದು ಎರಡನೆಯದಕ್ಕೆ. ಎರಡು ಯುಪಿಎಸ್‌ಗಳಿಗೂ ಬೇರೆ ಬೇರೆ ಎಂಸಿಬಿ. ನೆಟ್‌ವರ್ಕ್ ಕೇಬಲ್‌ಗೂ ಇದೇ ನಿಯಮ. ಸ್ವಿಚ್‌ಗಳ ಪವರ್ ಎಲ್ಲಿಂದ ಬರುತ್ತಿದೆ ಎಂಬುದನ್ನೂ ಮರೆಯದೆ ನೋಡಿ. ಪ್ರತಿ ವೈರ್‌ನ ಎರಡೂ ತುದಿಗೆ ಚೀಟಿ ಅಂಟಿಸಿ.

ಹಂತ 4: ಮೊದಲು ಫೆನ್ಸಿಂಗ್, ಆಮೇಲೆ ಉಳಿದದ್ದು

ಎರಡು ಸರ್ವರ್ ನಡುವಿನ ಸಂಪರ್ಕ ಕಡಿದುಹೋಯಿತು ಅಂದುಕೊಳ್ಳಿ. ಸ್ಟ್ಯಾಂಡ್‌ಬೈ (ನಕಲು ಇಟ್ಟುಕೊಂಡು ಕಾಯುವ ಸರ್ವರ್) ದೃಷ್ಟಿಯಲ್ಲಿ ಪ್ರೈಮರಿ (ಎಂಟ್ರಿ ಪಡೆಯುವ ಸರ್ವರ್) ಸತ್ತಿದೆ. ನಿಜಕ್ಕೂ ಸತ್ತಿದೆಯೋ, ಬರೀ ಕೇಬಲ್ ಕಳಚಿದೆಯೋ? ಸ್ಟ್ಯಾಂಡ್‌ಬೈಗೆ ತಿಳಿಯುವ ದಾರಿ ಇಲ್ಲ. ಅದು ತಾನೇ ಪ್ರೈಮರಿ ಆಗಿಬಿಟ್ಟರೆ ಈಗ ಎರಡು ಪ್ರೈಮರಿ. ಎರಡಕ್ಕೂ ಎಂಟ್ರಿ ಬೀಳುತ್ತದೆ. ಇದೇ ಸ್ಪ್ಲಿಟ್ ಬ್ರೈನ್. ಆಮೇಲೆ ಆ ಎರಡು ಡೇಟಾವನ್ನು ಒಂದು ಮಾಡುವ ಬಟನ್ ಯಾವ ಸಾಫ್ಟ್‌ವೇರ್‌ನಲ್ಲೂ ಇಲ್ಲ.

ಅದಕ್ಕೇ ಫೆನ್ಸಿಂಗ್: ಉತ್ತರ ಕೊಡದ ಸರ್ವರ್‌ನ ಪವರ್ ಮೊದಲು ಕಿತ್ತುಹಾಕು, ಕಿತ್ತದ್ದು ಖಚಿತವಾದ ಮೇಲೆ ಕೆಲಸ ಎತ್ತಿಕೋ. ಪೇಸ್‌ಮೇಕರ್ ಭಾಷೆಯಲ್ಲಿ ಇದು ಸ್ಟೊನಿತ್. ಇದನ್ನು ಆಫ್ ಮಾಡುವ ಒಂದು ಸೆಟ್ಟಿಂಗ್ ಇದೆ, ಎಷ್ಟೋ ಟ್ಯುಟೋರಿಯಲ್‌ಗಳು ಮೊದಲ ಸಾಲಿನಲ್ಲೇ ಅದನ್ನು ಆಫ್ ಮಾಡಿಸುತ್ತವೆ. ದಯವಿಟ್ಟು ಅದನ್ನು ನಕಲು ಮಾಡಬೇಡಿ.

ಕೆಲಸದ ಕ್ರಮ ಹೀಗೆ. ಎರಡೂ ಸರ್ವರ್‌ನಲ್ಲಿ ಪೇಸ್‌ಮೇಕರ್, ಕೋರೋಸಿಂಕ್, ಫೆನ್ಸ್ ಏಜೆಂಟ್‌ಗಳನ್ನು ಹಾಕಿ. ಫೈರ್‌ವಾಲ್‌ನಲ್ಲಿ ಕೋರೋಸಿಂಕ್‌ಗೆ ಯುಡಿಪಿ 5405ರಿಂದ 5412, ಕ್ಲಸ್ಟರ್ ನಿರ್ವಹಿಸುವ ಪಿಸಿಎಸ್‌ಡಿಗೆ ಟಿಸಿಪಿ 2224 ತೆರೆಯಿರಿ. ಕೋರೋಸಿಂಕ್‌ಗೆ ಎರಡು ಬೇರೆ ನೆಟ್‌ವರ್ಕ್ ದಾರಿ ಕೊಡಿ. ನಂತರ ಪ್ರತಿ ಸರ್ವರ್‌ಗೂ ಒಂದೊಂದು ಐಪಿಎಂಐ ಫೆನ್ಸ್ ಸಾಧನ ಸೇರಿಸಿ. ಸರ್ವರ್ ಒಂದರಿಂದ ಎರಡನ್ನು ಫೆನ್ಸ್ ಮಾಡಿಸಿ, ಆಮೇಲೆ ಎರಡರಿಂದ ಒಂದನ್ನು. ಕಣ್ಣೆದುರೇ ಯಂತ್ರ ಆಫ್ ಆಗಿ ಆನ್ ಆಗುವುದನ್ನು ನೋಡುವವರೆಗೆ ಮುಂದೆ ಹೋಗಬೇಡಿ.

ಎಡವಿ ಬೀಳುವ ಮೂರು ಗುಂಡಿಗಳಿವೆ ಇಲ್ಲಿ.

ಮೊದಲನೆಯದು: ಐಪಿಎಂಐಗೆ ಕರೆಂಟ್ ಬರುವುದು ಅದೇ ಸರ್ವರ್‌ನಿಂದ. ಸರ್ವರ್‌ಗೆ ಪವರ್ ಪೂರ್ತಿ ಹೋದರೆ ಐಪಿಎಂಐ ಕೂಡ ಸತ್ತಿರುತ್ತದೆ, ಫೆನ್ಸಿಂಗ್ ಯಶಸ್ವಿ ಆಯಿತು ಎಂದು ಹೇಳುವವರೇ ಇರುವುದಿಲ್ಲ. ಕ್ಲಸ್ಟರ್ ಸುಮ್ನೆ ಕಾಯುತ್ತಾ ಕೂರುತ್ತದೆ. ಪಿಡಿಯು ಇದ್ದರೆ ಅದನ್ನು ಎರಡನೇ ಹಂತದ ಫೆನ್ಸಿಂಗ್ ಆಗಿ ಸೇರಿಸಿ. ಇಲ್ಲದಿದ್ದರೆ ಹಾರ್ಡ್‌ವೇರ್ ವಾಚ್‌ಡಾಗ್ (ಯಂತ್ರ ಹೆಪ್ಪುಗಟ್ಟಿದರೆ ರೀಸೆಟ್ ಮಾಡುವ ಟೈಮರ್) ಜೊತೆ ಎಸ್‌ಬಿಡಿ ಎಂಬ ಸಾಫ್ಟ್‌ವೇರ್ ಬಳಸಿ. ಬಹುಮತ ಕಳೆದುಕೊಂಡ ಸರ್ವರ್ ತನ್ನನ್ನು ತಾನೇ ರೀಸೆಟ್ ಮಾಡಿಕೊಳ್ಳುತ್ತದೆ. ಇದಕ್ಕೆ ಮುಂದಿನ ಹಂತದ ಸಾಕ್ಷಿ ಬೇಕೇ ಬೇಕು.

ಎರಡನೆಯದು: ಪವರ್ ಬಟನ್ ಒತ್ತಿದ ಸಂದೇಶ ಬಂದಾಗ ಲಿನಕ್ಸ್ ನಿಧಾನವಾಗಿ, ಕ್ರಮಬದ್ಧವಾಗಿ ಶಟ್‌ಡೌನ್ ಆಗಲು ಹೋಗುತ್ತದೆ. ಫೆನ್ಸಿಂಗ್‌ನಲ್ಲಿ ಅದು ತಪ್ಪು, ತಕ್ಷಣ ಆಫ್ ಆಗಬೇಕು. ಸಿಸ್ಟಮ್‌ಡಿಯ ಲಾಗಿನ್‌ಡಿ ಸೆಟ್ಟಿಂಗ್‌ನಲ್ಲಿ ಪವರ್ ಬಟನ್ ಅನ್ನು ಕಡೆಗಣಿಸುವಂತೆ ಬರೆಯಿರಿ.

ಮೂರನೆಯದು ಪಾಸ್‌ವರ್ಡ್. ಭದ್ರತಾ ನಿಯಮದಂತೆ ಯಾರೋ ಐಪಿಎಂಐ ಪಾಸ್‌ವರ್ಡ್ ಬದಲಿಸುತ್ತಾರೆ, ಕ್ಲಸ್ಟರ್‌ಗೆ ಹೇಳುವುದಿಲ್ಲ. ತಿಂಗಳುಗಟ್ಟಲೆ ಏನೂ ಆಗುವುದಿಲ್ಲ. ಒಂದು ರಾತ್ರಿ ಪ್ರೈಮರಿ ಸಾಯುತ್ತದೆ, ಫೆನ್ಸಿಂಗ್ ವಿಫಲವಾಗುತ್ತದೆ. ಬೆಳಿಗ್ಗೆ ಬಂದು ನೋಡಿದರೆ ಸ್ಟೇಟಸ್‌ನಲ್ಲಿ ಆ ಸರ್ವರ್ ಹೆಸರಿನ ಮುಂದೆ "ಅನ್‌ಕ್ಲೀನ್" ಎಂದಿರುತ್ತದೆ, ಸೇವೆ ರಾತ್ರಿಯಿಡೀ ನಿಂತಿರುತ್ತದೆ. ಆ ಪದ ಕಂಡರೆ ಬೇರೆಲ್ಲ ಬಿಟ್ಟು ಫೆನ್ಸಿಂಗ್ ಲಾಗ್ ನೋಡಿ.

ಹಂತ 5: ಮೂರನೇ ಮತ

ಇಬ್ಬರೇ ಇದ್ದಾಗ ಜಗಳ ಬಂದರೆ ಬಹುಮತ ಎಂಬುದೇ ಇಲ್ಲ. ಕೋರೋಸಿಂಕ್‌ನಲ್ಲಿ ಎರಡು ನೋಡ್‌ಗಾಗಿಯೇ (ನೋಡ್ ಅಂದರೆ ಕ್ಲಸ್ಟರ್‌ನ ಒಂದು ಸರ್ವರ್) ವಿಶೇಷ ಮೋಡ್ ಇದೆ, ಆದರೆ ಅದರಲ್ಲಿ ಸಂಪರ್ಕ ಕಡಿದಾಗ ಇಬ್ಬರೂ ಒಬ್ಬರನ್ನೊಬ್ಬರು ಫೆನ್ಸ್ ಮಾಡಲು ಓಡುತ್ತಾರೆ. ಕೆಲವೊಮ್ಮೆ ಇಬ್ಬರೂ ಒಟ್ಟಿಗೆ ಆಫ್! ಹಾಗಾಗದಿರಲು ಒಂದು ಸಾಧನದ ಮೇಲೆ ಕೆಲವು ಸೆಕೆಂಡ್ ವಿಳಂಬ ಹಾಕುವುದುಂಟು.

ಇದಕ್ಕಿಂತ ಒಳ್ಳೆಯ ದಾರಿ ಸಾಕ್ಷಿ ಯಂತ್ರ. ಮೂರನೇ ಮತ ಅದರದು. ಅದರಲ್ಲಿ ಮತ ಕೊಡುವ ಕ್ಯೂನೆಟ್‌ಡಿ ಓಡಿಸಿ, ಎರಡೂ ಸರ್ವರ್‌ನಲ್ಲಿ ಆ ಮತ ಕೇಳುವ ಕ್ಯೂಡಿವೈಸ್ ಸೇರಿಸಿ. ಪೋರ್ಟ್ ಟಿಸಿಪಿ 5403. ಇದಕ್ಕೆ ದೊಡ್ಡ ಯಂತ್ರ ಬೇಡ, ಡೇಟಾ ಏನೂ ಇರುವುದಿಲ್ಲ. ಆದರೆ ಅದನ್ನು ಈ ಎರಡು ಸರ್ವರ್‌ಗಳಲ್ಲಿ ಒಂದರ ಮೇಲೆ ವಿಎಂ ಆಗಿ ಇಡಬೇಡಿ. ಆ ಸರ್ವರ್ ಸತ್ತರೆ ಮೂರರಲ್ಲಿ ಎರಡು ಮತ ಒಟ್ಟಿಗೆ ಹೋಗುತ್ತವೆ. ಬೇರೆ ಕಟ್ಟಡದಲ್ಲಿದ್ದರೆ ಇನ್ನೂ ಒಳ್ಳೆಯದು.

ಸಂಪರ್ಕ ಕಡಿತ ಎಷ್ಟು ಚಿಕ್ಕದಾದರೂ ಸಾಕು ಎಂಬುದಕ್ಕೆ ಕೋಡ್ ಇಡುವ ಸೇವೆ ಗಿಟ್‌ಹಬ್‌ನ 2018ರ ಅಕ್ಟೋಬರ್ 21ರ ಘಟನೆ ನೋಡಿ. ಅಮೆರಿಕದ ಪೂರ್ವ ಕರಾವಳಿಯ ನೆಟ್‌ವರ್ಕ್ ಕೇಂದ್ರಕ್ಕೂ ಡೇಟಾ ಸೆಂಟರ್‌ಗೂ ನಡುವೆ ಸಂಪರ್ಕ ಕಡಿದದ್ದು 43 ಸೆಕೆಂಡ್. ಅಷ್ಟರಲ್ಲಿ ಫೇಲ್‌ಓವರ್ ವ್ಯವಸ್ಥೆ ಡೇಟಾ ಬರೆಯುವ ಕೆಲಸವನ್ನು ಪಶ್ಚಿಮ ಕರಾವಳಿಗೆ ಸಾಗಿಸಿತು. ಪೂರ್ವದಲ್ಲಿ ಪಶ್ಚಿಮಕ್ಕೆ ತಲುಪದ ಬರಹಗಳಿದ್ದವು, ಪಶ್ಚಿಮದಲ್ಲಿ ಪೂರ್ವಕ್ಕೆ ಇಲ್ಲದ ಹೊಸ ಬರಹಗಳು ಬಂದವು. ಸೇವೆ ಪೂರ್ತಿ ಸರಿಯಾಗಲು 24 ಗಂಟೆ 11 ನಿಮಿಷ ಹಿಡಿಯಿತು.

ಕ್ಲಸ್ಟರ್ ಸೇವೆಯನ್ನು ಬೂಟ್ ಆದಾಗ ತಾನಾಗಿ ಶುರುವಾಗುವಂತೆ ಇಡಬೇಡಿ ಎಂಬುದು ನನ್ನ ಅಭಿಪ್ರಾಯ. ಫೆನ್ಸ್ ಆದ ಸರ್ವರ್ ಎದ್ದು, ಯಾಕೆ ಬಿದ್ದೆ ಎಂದು ಒಬ್ಬ ಮನುಷ್ಯ ನೋಡಿದ ಮೇಲೆ ಸೇರಲಿ. ಎದ್ದ ಕೂಡಲೇ ಸೇರಿ, ಮತ್ತೆ ಎದುರಿನದನ್ನು ಫೆನ್ಸ್ ಮಾಡಿ, ಅದು ಎದ್ದು ಇದನ್ನು ಮಾಡುವ ಸರಪಳಿ ಶುರುವಾಗಬಾರದು.

ಹಂತ 6: ಈಗ ರೆಪ್ಲಿಕೇಶನ್

ಮೊದಲ ಹಂತದ ಎರಡನೇ ಸಂಖ್ಯೆ ಇಲ್ಲಿ ಬೇಕು. ಅಸಿಂಕ್ರೊನಸ್ (ಸ್ಟ್ಯಾಂಡ್‌ಬೈಗಾಗಿ ಕಾಯದ ವಿಧಾನ) ಇಟ್ಟರೆ ಫೇಲ್‌ಓವರ್‌ನಲ್ಲಿ ಕೊನೆಯ ಕೆಲವು ಎಂಟ್ರಿ ಹೋಗಬಹುದು. ಸಿಂಕ್ರೊನಸ್ ಇಟ್ಟರೆ ಎರಡೂ ಕಡೆ ಬರೆದ ಮೇಲೆ ಮಾತ್ರ "ಆಯ್ತು" ಎಂಬ ಉತ್ತರ ಬರುತ್ತದೆ.

ಎರಡನೆಯದೇ ಒಳ್ಳೆಯದು ಅನಿಸುತ್ತದೆ. ಆದರೆ ಇರುವ ಒಂದೇ ಸ್ಟ್ಯಾಂಡ್‌ಬೈ ಸತ್ತರೆ ಪ್ರೈಮರಿಯ ಪ್ರತಿ ಕಮಿಟ್ ಅದಕ್ಕಾಗಿ ಕಾಯುತ್ತಾ ನಿಲ್ಲುತ್ತದೆ. ಪ್ರೈಮರಿ ಚೆನ್ನಾಗಿದೆ, ಸಿಪಿಯು ಖಾಲಿ ಇದೆ, ಯಾವ ಎರರ್ ಇಲ್ಲ, ಆದರೂ ಒಂದೂ ಎಂಟ್ರಿ ಸೇವ್ ಆಗುವುದಿಲ್ಲ. ಹೀಗಾದಾಗ ಅಸಿಂಕ್ರೊನಸ್‌ಗೆ ಇಳಿಯುವ ಕೆಲಸವನ್ನು ಕ್ಲಸ್ಟರ್‌ನ ಪೋಸ್ಟ್‌ಗ್ರೆಸ್ ಏಜೆಂಟ್‌ಗೆ ಒಪ್ಪಿಸಿ, ಅಥವಾ ಇನ್ನೊಂದು ಸ್ಟ್ಯಾಂಡ್‌ಬೈ ಸೇರಿಸಿ.

ರೆಪ್ಲಿಕೇಶನ್ ಸ್ಲಾಟ್ (ಸ್ಟ್ಯಾಂಡ್‌ಬೈ ಎಲ್ಲಿಯವರೆಗೆ ಪಡೆದಿದೆ ಎಂಬ ಗುರುತು) ಬಳಸುತ್ತಿದ್ದರೆ ಮಿತಿ ಹಾಕಿ. ಸ್ಟ್ಯಾಂಡ್‌ಬೈ ದಿನಗಟ್ಟಲೆ ಬಂದ್ ಇದ್ದರೆ ಅದಕ್ಕಾಗಿ ಪ್ರೈಮರಿ ವಾಲ್ ಫೈಲ್‌ಗಳನ್ನು (ಪ್ರತಿ ಬದಲಾವಣೆಯ ದಾಖಲೆ) ಕೂಡಿಡುತ್ತಾ ಹೋಗುತ್ತದೆ, ಕೊನೆಗೆ ಡಿಸ್ಕ್ ತುಂಬಿ ತಾನೂ ನಿಲ್ಲುತ್ತದೆ. ಸ್ಲಾಟ್‌ಗೆ ಇಷ್ಟೇ ವಾಲ್ ಎಂದು ಮಿತಿ ಹಾಕುವ ಸೆಟ್ಟಿಂಗ್ ಪೋಸ್ಟ್‌ಗ್ರೆಸ್ 13ರಿಂದ ಇದೆ.

ಇನ್ನೊಂದು: ರೆಪ್ಲಿಕೇಶನ್ ಅನ್ನು ಬ್ಯಾಕಪ್ ಎಂದು ಎಣಿಸಬೇಡಿ. ತಪ್ಪಾಗಿ ಡಿಲೀಟ್ ಆದ ಟೇಬಲ್ ಸ್ಟ್ಯಾಂಡ್‌ಬೈನಲ್ಲೂ ಕಣ್ಣು ಮಿಟುಕಿಸುವಷ್ಟರಲ್ಲಿ ಡಿಲೀಟ್ ಆಗುತ್ತದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ರೆಪ್ಲಿಕೇಶನ್ ಸರಿಪಡಿಸಲು ಹೋಗಿ ಪ್ರೈಮರಿಯ ಡೇಟಾ ಫೋಲ್ಡರ್ ಅಳಿಸಿಹೋಯಿತು. ದಿನವೂ ಆಗಬೇಕಿದ್ದ ಡಂಪ್ ಬ್ಯಾಕಪ್, ಪೋಸ್ಟ್‌ಗ್ರೆಸ್ ಆವೃತ್ತಿ ಹೊಂದದೆ ವಿಫಲವಾಗುತ್ತಿತ್ತು. ಆ ಎಚ್ಚರಿಕೆಯ ಇಮೇಲ್‌ಗಳೂ ಯಾರಿಗೂ ತಲುಪುತ್ತಿರಲಿಲ್ಲ. ಸುಮಾರು 6 ಗಂಟೆಯ ಡೇಟಾ ವಾಪಸ್ ಬರಲಿಲ್ಲ. ಬ್ಯಾಕಪ್ ಬೇರೆ ಜಾಗದಲ್ಲಿರಲಿ, ತಿಂಗಳಿಗೊಮ್ಮೆ ಅದನ್ನು ಖಾಲಿ ಸರ್ವರ್‌ನಲ್ಲಿ ರಿಸ್ಟೋರ್ ಮಾಡಿ ನೋಡಿ.

ಹಂತ 7: ವರ್ಚುವಲ್ ಐಪಿ ಮತ್ತು ಅಪ್ಲಿಕೇಶನ್

ವರ್ಚುವಲ್ ಐಪಿ ಯಾವಾಗಲೂ ಪ್ರೈಮರಿ ಇರುವ ಸರ್ವರ್‌ನಲ್ಲೇ ಇರಬೇಕು, ಡೇಟಾಬೇಸ್ ಪ್ರೈಮರಿ ಆದ ಮೇಲೆಯೇ ಬರಬೇಕು. ಈ ಎರಡು ನಿಯಮ ಬೇರೆ ಬೇರೆ. ಒಂದನ್ನು ಬರೆದು ಇನ್ನೊಂದನ್ನು ಮರೆಯುವವರು ಜಾಸ್ತಿ.

ಸರ್ವರ್ ಬದಿ ಎಲ್ಲ ಸರಿಯಿದ್ದೂ "ಇನ್ನೂ ನಿಂತೇ ಇದೆ" ಎಂಬ ದೂರು ಬಂದರೆ ಅಪ್ಲಿಕೇಶನ್‌ನ ಕನೆಕ್ಷನ್ ಪೂಲ್ (ಡೇಟಾಬೇಸ್‌ಗೆ ತೆರೆದಿಟ್ಟ ಸಂಪರ್ಕಗಳು) ನೋಡಿ. ಪವರ್ ಹೋದ ಸರ್ವರ್ "ಹೋಗಿಬರ್ತೀನಿ" ಎಂದು ಹೇಳಿ ಹೋಗುವುದಿಲ್ಲ. ಅಪ್ಲಿಕೇಶನ್ ಹಳೆಯ ಸಂಪರ್ಕದಲ್ಲಿ ಉತ್ತರಕ್ಕೆ ಕಾಯುತ್ತಲೇ ಇರುತ್ತದೆ. ಲಿನಕ್ಸ್‌ನಲ್ಲಿ ಎದುರಿನದು ಬದುಕಿದೆಯೇ ಎಂದು ಕೇಳುವ ಟಿಸಿಪಿ ಕೀಪ್‌ಅಲೈವ್ ಶುರುವಾಗಲು ಡೀಫಾಲ್ಟ್ 7200 ಸೆಕೆಂಡ್, ಅಂದರೆ 2 ಗಂಟೆ. ಪೋಸ್ಟ್‌ಗ್ರೆಸ್‌ನ ಜಾವಾ ಡ್ರೈವರ್‌ನಲ್ಲಿ ಸಾಕೆಟ್ ಟೈಮ್‌ಔಟ್‌ಗೆ ಡೀಫಾಲ್ಟ್ ಮಿತಿಯೇ ಇಲ್ಲ. ಇವನ್ನು ನಿಮ್ಮ ಮೊದಲ ಸಂಖ್ಯೆಗೆ ಹೊಂದುವಂತೆ ಇಳಿಸಿ. ಆದರೆ ನಿಮ್ಮ ಅತಿ ಉದ್ದದ ರಿಪೋರ್ಟ್ ಓಡುವ ಸಮಯಕ್ಕಿಂತ ಸಾಕೆಟ್ ಟೈಮ್‌ಔಟ್ ಕಡಿಮೆ ಆಗಬಾರದು.

ಹಂತ 8: ಪ್ಲಗ್ ಕಿತ್ತು ನೋಡಿ

ಶಟ್‌ಡೌನ್ ಕಮಾಂಡ್ ಕೊಟ್ಟು "ಫೇಲ್‌ಓವರ್ ಆಯ್ತು" ಅನ್ನುವುದು ಪರೀಕ್ಷೆ ಆಗಲಿಲ್ಲ. ಕ್ರಮವಾಗಿ ನಿಲ್ಲುವ ಪೋಸ್ಟ್‌ಗ್ರೆಸ್ ಉಳಿದ ವಾಲ್ ಎಲ್ಲ ಸ್ಟ್ಯಾಂಡ್‌ಬೈಗೆ ಕಳಿಸಿಯೇ ನಿಲ್ಲುತ್ತದೆ. ನಿಜವಾದ ಸಾವು ಅಷ್ಟು ಅಚ್ಚುಕಟ್ಟಾಗಿರುವುದಿಲ್ಲ.

ಪರೀಕ್ಷೆಗೆ ಮೊದಲು ಬ್ಯಾಕಪ್ ತೆಗೆದು, ಬಳಕೆದಾರರಿಗೆ ತಿಳಿಸಿ. ಸೆಕೆಂಡಿಗೊಂದು ಸಾಲನ್ನು ಸಮಯದ ಜೊತೆ ಟೇಬಲ್‌ಗೆ ಬರೆಯುವ ಸಣ್ಣ ಸ್ಕ್ರಿಪ್ಟ್ ಓಡಿಸಿಡಿ. ಸಾಲುಗಳ ನಡುವಿನ ಅಂತರವೇ ನಿಮ್ಮ ನಿಜವಾದ ನಿಲುಗಡೆ ಸಮಯ. ಆಮೇಲೆ ಒಂದೊಂದಾಗಿ:

1. ಪ್ರೈಮರಿಯ ಎರಡೂ ಪವರ್ ವೈರ್ ಕಿತ್ತುಬಿಡಿ. ಐಪಿಎಂಐ ಗುಂಡಿಗೆ ಬಿದ್ದಿದ್ದೀರೋ ಇಲ್ಲವೋ ಇಲ್ಲೇ ಗೊತ್ತಾಗುತ್ತದೆ.

2. ಎರಡು ಸರ್ವರ್ ನಡುವಿನ ಕ್ಲಸ್ಟರ್ ಸಂಪರ್ಕ ಕಡಿಯಿರಿ. ಕೇಬಲ್ ಕೀಳಿ ಅಥವಾ ಫೈರ್‌ವಾಲ್‌ನಲ್ಲಿ ತಡೆಯಿರಿ. ಇಂಟರ್‌ಫೇಸನ್ನು ಕಮಾಂಡ್‌ನಿಂದ ಡೌನ್ ಮಾಡಬೇಡಿ, ಕೋರೋಸಿಂಕ್ ಅದನ್ನು ನಿಜವಾದ ಕಡಿತದಂತೆ ಕಾಣುವುದಿಲ್ಲ, ಫಲಿತಾಂಶ ದಾರಿ ತಪ್ಪಿಸುತ್ತದೆ. ಕೊನೆಗೆ ಒಂದೇ ಒಂದು ಸರ್ವರ್ ಉಳಿಯಬೇಕು.

3. ಕರ್ನಲ್ ಪ್ಯಾನಿಕ್ ಮಾಡಿಸಿ. ಇದಕ್ಕೆ ಲಿನಕ್ಸ್‌ನಲ್ಲಿ ಸಿಸ್‌ಆರ್‌ಕ್ಯೂ ಎಂಬ ಸೌಲಭ್ಯ ಇದೆ.

4. ಪೋಸ್ಟ್‌ಗ್ರೆಸ್ ಪ್ರೊಸೆಸ್‌ಗಳನ್ನು ಕೊಲ್ಲದೆ, ಸ್ಟಾಪ್ ಸಿಗ್ನಲ್ ಕಳಿಸಿ ಹೆಪ್ಪುಗಟ್ಟಿಸಿ. ಪ್ರೊಸೆಸ್ ಇದೆ, ಉತ್ತರ ಇಲ್ಲ. ಬರೀ ಪ್ರೊಸೆಸ್ ಇದೆಯೇ ಎಂದು ನೋಡುವ ಮಾನಿಟರ್ ಇದನ್ನು ಕಾಣುವುದೇ ಇಲ್ಲ. ನಿಜ ಜೀವನದಲ್ಲಿ ಡಿಸ್ಕ್ ಅರ್ಧ ಕೆಟ್ಟಾಗ ಹೀಗೇ ಆಗುತ್ತದೆ. ನನ್ನ ಅನುಭವದಲ್ಲಿ ಹೆಚ್ಚು ಕ್ಲಸ್ಟರ್ ಸೋಲುವುದು ಈ ಪರೀಕ್ಷೆಯಲ್ಲಿ.

5. ಸಾಕ್ಷಿ ಯಂತ್ರ ಆಫ್ ಮಾಡಿ. ಏನೂ ಆಗಬಾರದು. ಎಚ್ಚರಿಕೆ ಸಂದೇಶ ಮಾತ್ರ ಬರಬೇಕು.

ಬಂದ ಸಮಯ ಜಾಸ್ತಿ ಅನಿಸಿದರೆ ತಕ್ಷಣ ಕೋರೋಸಿಂಕ್‌ನ ಟೋಕನ್ ಸಮಯ (ಎದುರಿನದರಿಂದ ಉತ್ತರಕ್ಕೆ ಎಷ್ಟು ಕಾಯಬೇಕು ಎಂಬುದು) ಇಳಿಸಲು ಹೋಗಬೇಡಿ. ಆವೃತ್ತಿ 3.1ರಿಂದ ಅದರ ಡೀಫಾಲ್ಟ್ 3 ಸೆಕೆಂಡ್. ಅದನ್ನು ಇನ್ನೂ ಇಳಿಸಿದರೆ ಬ್ಯಾಕಪ್ ಓಡುವಾಗ ನೆಟ್‌ವರ್ಕ್ ಸ್ವಲ್ಪ ತಡವರಿಸಿದರೂ ಆರೋಗ್ಯವಾಗಿರುವ ಸರ್ವರ್ ಫೆನ್ಸ್ ಆಗುತ್ತದೆ. ಫೆನ್ಸಿಂಗ್, ಪ್ರೈಮರಿಗೆ ಬಡ್ತಿ, ಅಪ್ಲಿಕೇಶನ್ ಮರುಸಂಪರ್ಕ: ಸಮಯ ಎಲ್ಲಿ ಹೋಯಿತು ಎಂದು ಲಾಗ್ ನೋಡಿ ಹಂಚಿ ಬರೆದುಕೊಳ್ಳಿ. ಹೆಚ್ಚಾಗಿ ಕೊನೆಯದರಲ್ಲೇ ಸಿಗುತ್ತದೆ.

ಹಂತ 9: ಬಿದ್ದ ಸರ್ವರ್ ವಾಪಸ್ ಸೇರಿಸುವುದು

ಇಲ್ಲಿ ಅವಸರ ಬೇಡ. ಹಳೆಯ ಪ್ರೈಮರಿಯಲ್ಲಿ ಸ್ಟ್ಯಾಂಡ್‌ಬೈಗೆ ತಲುಪದ ಎಂಟ್ರಿ ಇರಬಹುದು. ಅಸಿಂಕ್ರೊನಸ್ ಇದ್ದರೆ ಮೊದಲು ಅದರ ಡೇಟಾ ಫೋಲ್ಡರಿನ ಪ್ರತಿ ತೆಗೆದಿಡಿ, ಕಳೆದ ಎಂಟ್ರಿ ಹುಡುಕಲು ಅದೊಂದೇ ಆಧಾರ. ಆಮೇಲೆ ಪೋಸ್ಟ್‌ಗ್ರೆಸ್‌ನ ಪಿಜಿ ರಿವೈಂಡ್ ಎಂಬ ಸಾಧನ ಬಳಸಿ ಹೊಸ ಪ್ರೈಮರಿಗೆ ಹೊಂದಿಸಿ. ಅದು ಕೆಲಸ ಮಾಡಲು ಡೇಟಾ ಚೆಕ್‌ಸಮ್ ಅಥವಾ ವಾಲ್ ಲಾಗ್ ಹಿಂಟ್ಸ್ ಎಂಬ ಸೆಟ್ಟಿಂಗ್ ಮೊದಲೇ ಆನ್ ಇರಬೇಕು. ಪೋಸ್ಟ್‌ಗ್ರೆಸ್ 18ರಲ್ಲಿ ಹೊಸದಾಗಿ ಶುರು ಮಾಡಿದ ಡೇಟಾಬೇಸ್‌ಗೆ ಚೆಕ್‌ಸಮ್ ತಾನಾಗಿಯೇ ಆನ್ ಆಗಿರುತ್ತದೆ. ಹಳೆಯದರಲ್ಲಿ ಇಂದೇ ನೋಡಿಕೊಳ್ಳಿ. ಎರಡೂ ಇಲ್ಲದಿದ್ದರೆ ಪೂರ್ತಿ ಹೊಸದಾಗಿ ಬೇಸ್ ಬ್ಯಾಕಪ್ ತೆಗೆಯಬೇಕು.

ಸೇರಿದ ಮೇಲೆ ಹಳೆಯದನ್ನೇ ಮತ್ತೆ ಪ್ರೈಮರಿ ಮಾಡಬೇಕೆಂದಿಲ್ಲ. ಎರಡೂ ಒಂದೇ ಮಾದರಿಯವು ತಾನೇ? ಸುಮ್ನೆ ಇನ್ನೊಂದು ನಿಲುಗಡೆ ಯಾಕೆ? ಕೈಯಾರೆ ಬದಲಿಸಿದ್ದರೆ ಒಂದು ಮಾತು ನೆನಪಿಡಿ: ಕ್ಲಸ್ಟರ್‌ಗೆ ಕಮಾಂಡ್ ಕೊಡುವ ಪಿಸಿಎಸ್‌ನ ಹಳೆಯ ಆವೃತ್ತಿಗಳಲ್ಲಿ ಮೂವ್ ಕಮಾಂಡ್ ಒಂದು ಸ್ಥಳದ ನಿಯಮವನ್ನು ಹಿಂದೆ ಬಿಟ್ಟು ಹೋಗುತ್ತದೆ. ಅದನ್ನು ಕ್ಲಿಯರ್ ಮಾಡದಿದ್ದರೆ ಮುಂದಿನ ಫೇಲ್‌ಓವರ್ ಅಡ್ಡದಾರಿ ಹಿಡಿಯುತ್ತದೆ.

ವಾರಕ್ಕೊಮ್ಮೆ ನೋಡಬೇಕಾದ್ದು

ರೆಪ್ಲಿಕೇಶನ್ ಎಷ್ಟು ಹಿಂದಿದೆ, ಸ್ಲಾಟ್ ಎಷ್ಟು ವಾಲ್ ಹಿಡಿದಿದೆ, ಸಾಕ್ಷಿ ಯಂತ್ರ ಸಂಪರ್ಕದಲ್ಲಿದೆಯೇ, ಇಸಿಸಿ ಸರಿಪಡಿಸಿದ ಮೆಮೊರಿ ತಪ್ಪುಗಳ ಎಣಿಕೆ ಏರುತ್ತಿದೆಯೇ, ರ‍್ಯಾಕ್‌ನ ಹಿಂದೆ ಯಾವುದಾದರೂ ಪವರ್ ಸಪ್ಲೈ ದೀಪ ಹಳದಿಗೆ ತಿರುಗಿದೆಯೇ. ಫಾಲ್ಟ್ ಟಾಲರೆಂಟ್ ಯಂತ್ರ ಕೊಂಡವರು ಕೊನೆಯ ಎರಡನ್ನು ಇನ್ನೂ ಜಾಗ್ರತೆಯಿಂದ ನೋಡಬೇಕು. ಅದರಲ್ಲಿ ಅರ್ಧ ಯಂತ್ರ ಸತ್ತರೂ ಸೇವೆ ನಡೆಯುತ್ತಲೇ ಇರುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಎಚ್ಚರಿಕೆ ಸಂದೇಶ ಇಬ್ಬರ ಮೊಬೈಲ್‌ಗೆ ಹೋಗಲಿ, ಒಬ್ಬರು ರಜೆಯಲ್ಲಿದ್ದಾಗ ಇನ್ನೊಬ್ಬರು ಇರುತ್ತಾರೆ. ಐಪಿಎಂಐ ಪಾಸ್‌ವರ್ಡ್ ಯಾರೇ ಬದಲಿಸಿದರೂ ಅದೇ ದಿನ ಹಂತ 4ರ ಫೆನ್ಸಿಂಗ್ ಪರೀಕ್ಷೆಯನ್ನು ಎರಡೂ ದಿಕ್ಕಿನಲ್ಲಿ ಮತ್ತೆ ಮಾಡಿ.